ಬನಹಟ್ಟಿ ಕೊಟ್ಟ ನಂಬರ್

ರೊಟ್ಟಿಯನ್ನು ಕೂಗಿ ಎಣಿಸಿ ಉಣ್ಣುವ ಗಂಡಸು ಇಡೀ ಬನಹಟ್ಟಿಯಲ್ಲಿ ಒಬ್ಬನೇ ಇದ್ದ. ಅವನೇ ಗಿರಮಲ್ಲಪ್ಪ. ಮೊದಲನೆಯದು ಮುಗಿದರೆ ‘ಒಂದಾತು’ ಎನ್ನುವನು, ಎರಡನೆಯದು ಮುಗಿದರೆ ‘ಎರಡಾತು’ ಎನ್ನುವನು. ಓಣಿಯ ಅರವತ್ತು ಮಗ್ಗಗಳು ಒಟ್ಟಿಗೆ ಖಟಖಟಿಸುತ್ತಿದ್ದರೂ ಆ ದನಿ ಅದನ್ನೆಲ್ಲ ಸೀಳಿಕೊಂಡು ಮೂರನೆಯ ಓಣಿಗೆ ಹೋಗಿ ಮುಟ್ಟುತ್ತಿತ್ತು. ಅಲ್ಲಿಯ ಹೆಂಗಸರು ಅದನ್ನು ಕೇಳಿಯೇ ತಮ್ಮ ಒಲೆ ಹೊತ್ತಿಸುತ್ತಿದ್ದರಂತೆ. ಸಣ್ಣವನಿದ್ದಾಗ ಅವನು ಚಿಮ್ಮಡದ ಹೊಲಗಳಲ್ಲಿ ಕುರಿ ಕಾಯ್ದವನು. ಸಂಜೆ ದಡ್ಡಿಯೊಳಗೆ ಹೋಗುವ ಕುರಿಗಳನ್ನು ಕೂಗಿ ಕೂಗಿ ಎಣಿಸಿದ ಬಾಯಿ, ಊರು ಬಿಟ್ಟು ಮಗ್ಗಕ್ಕೆ ಬಂದ ಮೇಲೂ ಸುಮ್ಮನಾಗಲಿಲ್ಲ.

ಎಣಿಸಿದ್ದನ್ನು ಕೇಳಿಸಿಕೊಳ್ಳುವವಳು ಹೆಂಡತಿ ಹೊಳೆವ್ವ. ಅವಳ ಕೈಯ ಜೋಳದ ರೊಟ್ಟಿ ಎಷ್ಟು ತೆಳುವೆಂದರೆ, ಬಿಸಿಲಿಗೆ ಎತ್ತಿ ಹಿಡಿದರೆ ಅದರ ಆಚೆ ಜಮಖಂಡಿಯ ಗುಡ್ಡ ಕಾಣುತ್ತಿತ್ತು. ಕಣ್ಣು ಸ್ವಲ್ಪ ಕಿರಿದು ಮಾಡಿದರೆ ಗುಡ್ಡದ ಮೇಲೆ ಮೇಯುವ ಆಡೂ ಕಾಣುತ್ತಿತ್ತು. ನಲವತ್ತನಾಲ್ಕು ವರ್ಷ ಅವಳು ಬಡಿದಳು, ಅವನು ಎಣಿಸಿದ. ರಾತ್ರಿ ಮೂರು, ಮಧ್ಯಾಹ್ನ ಎರಡು. ಗಂಡನ ಹೆಸರನ್ನು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ, ಅವನೂ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ. ಅವರ ನಡುವೆ ಪ್ರೀತಿಯ ಮಾತು ಎನ್ನುವುದೇನಾದರೂ ಇದ್ದರೆ ಅದು ಈ ಎಣಿಕೆಯೊಂದೇ.

ಈ ಜೋಡಿಯನ್ನು ಮಕ್ಕಳು ಪಾಲು ಮಾಡಿಕೊಂಡರು.

ದೊಡ್ಡವನು ಯಲ್ಲಾಲಿಂಗ, ಸಣ್ಣವನು ಗುರುಪಾದ. ಮನೆಯಲ್ಲಿ ನಾಲ್ಕು ಮಗ್ಗ. ಗುರುಪಾದ ತನ್ನ ಎರಡನ್ನು ಗುಜರಿಯವನಿಗೆ ತೂಕ ಹಾಕಿ ಕೊಟ್ಟು, ಮುಧೋಳದಲ್ಲಿ ಪಂಪ್‌ಸೆಟ್ ಮೋಟರು ಸುತ್ತುವ ಅಂಗಡಿ ಇಡುತ್ತೇನೆಂದ. ಅಪ್ಪ ಎದೆಯ ಮೇಲಿಟ್ಟು ಸಾಕಿದ ಮಗ್ಗವನ್ನು ಕಿಲೋ ಲೆಕ್ಕದಲ್ಲಿ ಮಾರಿದೆಯಲ್ಲೋ ಎಂದು ಯಲ್ಲಾಲಿಂಗ ಹಾರಾಡಿದ. ನಿನ್ನ ಮಗ್ಗದ ಸದ್ದಿಗೆ ನನ್ನ ಕಿವಿ ಸತ್ತುಹೋಗಿದೆ, ನಿನ್ನ ಮಾತಿಗೆ ಮನಸ್ಸೂ ಸತ್ತಿತು ಎಂದು ಗುರುಪಾದ ಹೇಳಿದ. ಅಂದಿನಿಂದ ಅಣ್ಣತಮ್ಮಂದಿರು ಒಂದೇ ಹಂಡೆಯ ನೀರು ಮುಟ್ಟಲಿಲ್ಲ. ಕೊನೆಗೆ ಚಿಮ್ಮಡದಿಂದ ಕುಲದ ಹಿರಿಯ ಅಮಸಿದ್ದಪ್ಪ ಬಂದು ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂತ. ಮಗ್ಗದ ಪಾಲು ಆಗಿತ್ತು, ಭಾಂಡೆ ಪಾತ್ರೆಯ ಪಾಲು ಆಯಿತು, ಖೋಲಿಗಳ ಪಾಲು ಆಯಿತು.

“ಇನ್ನ ಮುದುಕರದ್ದು,” ಎಂದ ಅಮಸಿದ್ದಪ್ಪ. “ಸಣ್ಣಾಂವನ ಹೇಂತಿ ಬಸರಿ ಅದಾಳ, ಅಕಿಗೊಂದು ಹಿರೇ ಜೀವ ಬೇಕು. ತಾಯಿ ಸಣ್ಣಾಂವಗ, ತಂದಿ ದೊಡ್ಡಾಂವಗ. ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಾಕಬ್ಯಾಡ್ರಿ.”

ಬಾಗಿಲ ಹಿಂದೆ ನಿಂತಿದ್ದ ಹೊಳೆವ್ವನನ್ನು ಯಾರೂ ಏನೂ ಕೇಳಲಿಲ್ಲ. ಗಿರಮಲ್ಲಪ್ಪ ಮಾತ್ರ ಕೂತಲ್ಲಿಂದಲೇ ನಿಧಾನಕ್ಕೆ, “ಮನಿ ಎರಡಾತು,” ಎಂದ. ಆ ಒಂದು ಸಲ ಅವನ ದನಿ ಪಕ್ಕದ ಕೋಣೆಗೂ ಕೇಳಿಸಲಿಲ್ಲ.

ಗುರುಪಾದ ಹೆಂಡತಿಯನ್ನೂ ಅವ್ವನನ್ನೂ ಕರೆದುಕೊಂಡು ಮುಧೋಳ ಸೇರಿದ. ಮುಧೋಳಕ್ಕೂ ಬನಹಟ್ಟಿಗೂ ಒಂದು ತಾಸಿನ ಬಸ್ಸಿನ ದಾರಿ. ಆದರೆ ಹೊಳೆವ್ವ ಹುಟ್ಟಿದಾಗಿನಿಂದ ಒಬ್ಬಳೇ ಬಸ್ಸು ಹತ್ತಿದವಳಲ್ಲ. ಹತ್ತಿಸಬೇಕಾದವನು ಗುರುಪಾದ. ಅವನ ಮಾತು ಒಂದೇ: “ನೀ ತಿರುಗಿ ಆ ಹೊಸ್ತಲಾ ತುಳದ್ರ, ತಮ್ಮಗ ತಾಯಿಗಿ ಕೂಳು ಹಾಕೂ ತಾಕತ್ತಿಲ್ಲ ಅಂತ ಅಂವ ಊರ ತುಂಬ ಹೇಳ್ತಾನ ಬೇ.” ಫೋನು ಇತ್ತು, ಆದರೆ ಫೋನು ಮಕ್ಕಳದು. ಮೊದಲ ವಾರ ಎರಡು ಸಲ ಹಚ್ಚಿದಾಗ ಎರಡು ಸಲವೂ ಮುದುಕರು ‘ಹಾಂ’ ಎನ್ನುವುದರೊಳಗೆ ಅಣ್ಣತಮ್ಮಂದಿರು ಅದನ್ನು ಕಸಿದುಕೊಂಡು ಜಗಳ ತೆಗೆದರು. ಆಮೇಲೆ ಫೋನೂ ನಿಂತಿತು.

ಬನಹಟ್ಟಿಯಲ್ಲಿ ಎಣಿಕೆಯೂ ನಿಂತಿತು. ಅದನ್ನು ಮೊದಲು ಗಮನಿಸಿದವಳು ದೊಡ್ಡ ಸೊಸೆ ಉಮಾಶ್ರೀ. ಮುಂಜಾನೆ ಕಂಪ್ಯೂಟರ್ ಕ್ಲಾಸಿನಲ್ಲಿ ಹುಡುಗಿಯರಿಗೆ ಟೈಪಿಂಗ್ ಕಲಿಸಿ ಬಂದು, ಮಧ್ಯಾಹ್ನ ಮಾವನಿಗೆ ಬಡಿಸುವಳು. ಮಾವ ತಾಟಿನ ಮುಂದೆ ಬಾಯಿ ಕಟ್ಟಿಕೊಂಡು ಕೂತಿರುವನು. ಸಣ್ಣವನಿದ್ದಾಗ ಕುರಿ ಹೊಡೆದುಕೊಂಡು ಕುಡಚಿಯವರೆಗೆ ಹೋಗಿ ಅವನು ಗೂಡ್ಸ್ ಗಾಡಿಯೊಂದನ್ನು ನೋಡಿದ್ದ, ಅದರ ಡಬ್ಬಿ ಎಣಿಸಿದ್ದ. ಮೊದಲು ಹೇಳುವಾಗ ಐವತ್ತೆಂಟು ಡಬ್ಬಿ ಇದ್ದವು. ದೊಡ್ಡ ಮಗನ ಮದುವೆಯ ಹೊತ್ತಿಗೆ ಎಂಬತ್ತಾದವು, ಸಣ್ಣವನ ಮದುವೆಗೆ ನೂರಾ ಹನ್ನೆರಡಾದವು. ತಮ್ಮೂರಿಗೆ ಬರಬೇಕಾದ ರೈಲಿನ ಸಲುವಾಗಿ ಅವನು ಎಷ್ಟು ಧರಣಿ ಕೂತಿದ್ದನೆಂದರೆ, ಜಮಖಂಡಿಯ ಕಚೇರಿಯ ಮುಂದಿನ ಕಲ್ಲು ಅವನ ಕುಂಡೆಯ ಅಚ್ಚಿಗೆ ಸವೆದಿತ್ತು. ಉಮಾಶ್ರೀಗೆ ಇದು ನೆನಪಾಯಿತು. ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟವೊಂದಿತ್ತು. ಹಳಿಯನ್ನೂ ಸ್ಟೇಷನ್ನನ್ನೂ ನಾವೇ ಕಟ್ಟಿಕೊಳ್ಳಬಹುದು, ಬೇರೆ ಬೇರೆ ಊರಲ್ಲಿ ಕೂತವರು ಒಂದೇ ಹಳಿಯ ಮೇಲೆ ಗಾಡಿ ನಡೆಸಬಹುದು. ಸರ್ಕಾರದ ಹಳಿ ಬರುವಾಗ ಬರಲಿ ಎಂದು ಅವಳು ಹನ್ನೊಂದು ದಿನ ಕೂತು ಬೀಳಗಿ, ಮುಧೋಳ, ಬನಹಟ್ಟಿ, ಜಮಖಂಡಿಗಳನ್ನು ಒಂದೇ ಸಾಲಿಗೆ ಪೋಣಿಸಿ ಹಳಿ ಹಾಸಿದಳು. ‘ಜಮಖಂಡಿ ವಿಭಾಗ’ ಎಂದು ಹೆಸರಿಟ್ಟು ಜನ ಕೂಡಿಸಿದಳು.

ಕೂಡಿದವರೆಲ್ಲ ಡ್ರೈವರುಗಳೇ. ಮೊದಲ ದಿನ ಎಂಟು ಜನ ಎಂಟು ಗಾಡಿ ಬಿಟ್ಟು, ಎಂಟೂ ಬನಹಟ್ಟಿಯ ಪ್ಲಾಟ್‌ಫಾರ್ಮಿನ ಮೇಲೆ ಒಂದರ ಮೇಲೊಂದು ಹತ್ತಿ ಕೂತವು. ಆಗ ಗುಂಪಿಗೆ ಬಂದವರು ಜಮಖಂಡಿಯ ಶ್ರೀಧರರಾವ್. ಮೂವತ್ತಾರು ವರ್ಷ ಖರೆ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿದ್ದು ನಿವೃತ್ತರಾದವರು. ಹೆಂಡತಿ ಬಡಿಸಿದ ಸಾರಿಗೂ ವೇಳೆ ಬರೆದಿಡುವಂಥ ಮನುಷ್ಯ. ಎಲ್ಲರೂ ಡ್ರೈವರ್ ಆದರೆ ಗಾಡಿ ಬಿಡುವವರು ಯಾರು ಎಂದು ಗದರಿ, ಅವರು ಸ್ಟೇಷನ್ನಿಗೊಬ್ಬ ಮಾಸ್ತರನನ್ನು ನೇಮಿಸಿದರು. ತಾವು ಕಂಟ್ರೋಲ್‌ನಲ್ಲಿ ಕೂತರು. ಒಂಟಿ ಹಳಿ, ಒಂದು ಸಲಕ್ಕೆ ಒಂದೇ ಗಾಡಿ. ಈ ಊರಿನ ಮಾಸ್ತರ ಮುಂದಿನ ಊರಿನ ಮಾಸ್ತರನನ್ನು ‘ಲೈನ್ ಕ್ಲಿಯರ್ ಐತೇನು’ ಎಂದು ಕೇಳಬೇಕು. ಆತ ‘ಕೊಟ್ಟೆ’ ಎಂದು ಎರಡು ಅಂಕಿಯ ಒಂದು ಪ್ರೈವೇಟ್ ನಂಬರ್ ಹೇಳಬೇಕು. ಕೇಳಿದವನು ಅದನ್ನು ತಿರುಗಿ ಹೇಳಿ ಬರೆದುಕೊಂಡ ಮೇಲೆಯೇ ಸಿಗ್ನಲ್ ಇಳಿಸಿ ಗಾಡಿ ಬಿಡಬೇಕು. ನಂಬರ್ ಇಲ್ಲದೆ ಕೊಟ್ಟದ್ದು ಕೊಟ್ಟಂತಲ್ಲ. ಯಾವ ದಿನ ಯಾವ ನಂಬರ್ ಎಂಬ ಪಟ್ಟಿಯನ್ನು ಅವರು ಎಲ್ಲರಿಗೂ ಕಳಿಸಿದರು. ಲೈನಿನ ಮೇಲೆ ಮನೆ ಮಾತು ಕೂಡದು ಎಂದೂ ತಾಕೀತು ಮಾಡಿದರು.

ಬನಹಟ್ಟಿಯ ಮಾಸ್ತರ ಗಿರಮಲ್ಲಪ್ಪ. ಮುಧೋಳಕ್ಕೆ ಯಾರು ಎಂದಾಗ ಉಮಾಶ್ರೀ, ನನಗೊಬ್ಬರು ಗೊತ್ತಿದ್ದಾರೆ ಎಂದಳು. ಗುರುಪಾದನ ಹೆಂಡತಿ ಭಾಗ್ಯಾಳಿಗೆ ಗುಟ್ಟಾಗಿ ಫೋನು ಹಚ್ಚಿದಳು.

ಹೀಗೆ ಒಂದು ಮಧ್ಯಾಹ್ನ ನಾಲ್ಕಕ್ಕೆ, ನಾಲ್ಕು ತಿಂಗಳ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಭಾಗ್ಯಾಳ ಮೊಬೈಲನ್ನು ಬೇಳೆ ಡಬ್ಬಿಗೆ ಆನಿಸಿಟ್ಟು, ಹೊಳೆವ್ವ ಮುಧೋಳ ಸ್ಟೇಷನ್ನಿನ ಅಧಿಕಾರ ವಹಿಸಿಕೊಂಡಳು. ಬೀಳಗಿಯಿಂದ ಗಾಡಿ ತಂದಿದ್ದವಳು ಅಲ್ಲಿಯ ಕಾಲೇಜಿನಲ್ಲಿ ಪಾಠ ಹೇಳುವ ಪ್ರಾಜಕ್ತಾ. ಸಿಗ್ನಲ್ಲಿನ ಮುಂದೆ ನಿಂತು ಕಾಯುತ್ತಿದ್ದಳು. ಹೊಳೆವ್ವ ಸೆರಗು ಸರಿಮಾಡಿಕೊಂಡು, ಹೇಳಿಕೊಟ್ಟಿದ್ದನ್ನು ಹೇಳಿದಳು.

“ಬನಹಟ್ಟಿಯವರಽ, ಲೈನ್ ಕ್ಲಿಯರ್ ಐತೇನ್ರಿ?”

ಆ ಕಡೆ ಮಗ್ಗಗಳು ಖಟಖಟಿಸುತ್ತಿದ್ದವು. ಆರು ತಿಂಗಳ ಮೇಲೆ ಅವನು ಅವಳ ದನಿ ಕೇಳಿದ್ದ.

“ಕೊಟ್ಟೆ. ನಂಬರ್ ಎರಡು ಒಂದು.”

ಮರುದಿನ ‘ಎರಡು ಎರಡು’. ಅದರ ಮರುದಿನ ‘ಮೂರು ಎರಡು’. ಹೊಳೆವ್ವ ಕೈಯಲ್ಲಿದ್ದ ಸೀಸಕಡ್ಡಿ ಬಿಟ್ಟಳು. ಪಟ್ಟಿ ಓದಲು ಬಾರದ ಗಂಡ ನಂಬರ್ ಎಲ್ಲಿಂದ ತರುತ್ತಿದ್ದಾನೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ನಿನ್ನೆ ರಾತ್ರಿ ಮೂರಾತು, ಇವತ್ತು ಮಧ್ಯಾಹ್ನ ಎರಡಾತು. ಎಂಟು ಜನ ಕೇಳುತ್ತಿದ್ದ ಲೈನಿನ ಮೇಲೆ ಮುದುಕ ಹೆಂಡತಿಗೆ ತನ್ನ ಊಟ ಒಪ್ಪಿಸುತ್ತಿದ್ದ. ಮನೆ ಮಾತು ಕೂಡದು ಎಂದಿದ್ದ ಶ್ರೀಧರರಾಯರು, ಮುದುಕರು ಪಟ್ಟಿ ಬಿಟ್ಟು ನಂಬರ್ ಹೇಳುತ್ತಿದ್ದಾರೆಂದು ಉಮಾಶ್ರೀಗೆ ಎರಡು ಸಲ ಗದರಿದರೇ ಹೊರತು ಅದು ಏನೆಂದು ಅವರಿಗೂ ತಿಳಿಯಲಿಲ್ಲ. ಹಿರಿಯರು, ಹೋಗಲಿ ಬಿಡಿ, ಆದರೆ ನೀವು ಕೂತಾಗ ಪಟ್ಟಿ ಬಿಟ್ಟು ಒಂದಂಕಿಯೂ ಅತ್ತಿತ್ತ ಆಗಬಾರದು ಎಂದು ಅವಳಿಂದ ಮಾತು ತೆಗೆದುಕೊಂಡರು.

ಬನಹಟ್ಟಿಯ ಕಡೆಯಿಂದ ಗಾಡಿ ಬರುವಾಗ ನಂಬರ್ ಕೊಡುವ ಸರದಿ ಹೊಳೆವ್ವನದು. ಅವಳೂ ತನ್ನ ಊಟವನ್ನೇ ಕೊಟ್ಟಳು. ಒಂದು ದಿನ ಕೂಸಿಗೆ ಜ್ವರ ಬಂದು ಅವಳ ನಂಬರ್ ‘ಒಂದು ಸೊನ್ನಿ’ ಆಯಿತು. ಬನಹಟ್ಟಿ ಸಿಗ್ನಲ್ ಇಳಿಸಲೇ ಇಲ್ಲ.

“ಮುಧೋಳ, ಆ ನಂಬರ್ ಚಂದಿಲ್ಲ. ಚಂದ ನಂಬರ್ ಬರೂತನಾ ಗಾಡಿ ಬಿಡಾಂಗಿಲ್ಲ.”

ಶ್ರೀಧರರಾವ್ ಇದೆಂಥ ಮೂಢನಂಬಿಕೆ ಎಂದು ತಲೆ ಚಚ್ಚಿಕೊಂಡರು. ಹೊಳೆವ್ವ ನಾಚಿ ನಕ್ಕು, ಗಾಡಿಯನ್ನು ಅಲ್ಲೇ ಕಾಯಲು ಬಿಟ್ಟು, ಹೋಗಿ ಒಂದು ರೊಟ್ಟಿ ತಿಂದು ಬಂದಳು. ಬಂದು ‘ಒಂದು ಒಂದು’ ಎಂದ ಮೇಲೆಯೇ ಗಾಡಿ ಹೊರಟಿತು. ಜಮಖಂಡಿ ವಿಭಾಗದಲ್ಲಿ ಅಂದು ನಿಂತ ಗಾಡಿಗಳ ಸಾಲು ಜಮಖಂಡಿ ದಾಟಿ ಕೃಷ್ಣೆಯ ಹಿನ್ನೀರಿಗೆ ಮುಟ್ಟಿತ್ತು.

ಆ ಐದು ವಾರ ಎರಡೂ ಮನೆಯಲ್ಲಿ ನಾಲ್ಕು ಗಂಟೆ ಎಂದರೆ ನಾಲ್ಕು ಗಂಟೆ. ಕಂಪ್ಯೂಟರಿನಿಂದ ಅವ್ವನ ದನಿ ಬರುವ ಹೊತ್ತಿಗೆ ಯಲ್ಲಾಲಿಂಗನ ಮಗ್ಗದ ನೂಲು ದಿನಾ ಕಡಿಯುತ್ತಿತ್ತು, ಗಂಟು ಹಾಕುವ ನೆಪದಲ್ಲಿ ಅವನು ಮಗ್ಗ ನಿಲ್ಲಿಸುತ್ತಿದ್ದ. ಮುಧೋಳದಲ್ಲಿ ಗುರುಪಾದ ಅದೇ ಹೊತ್ತಿಗೆ ಅಂಗಡಿಯಿಂದ ಚಹಾಕ್ಕೆಂದು ಬಂದು, ಅಡುಗೆಮನೆಯ ಹೊರಗೆ ಬಸಿಯಲ್ಲಿ ಚಹಾ ಆರುವವರೆಗೆ ನಿಂತಿರುತ್ತಿದ್ದ. ಮುದುಕರ ಆಟ, ಆಡಲಿ ಬಿಡು ಎಂದು ಇಬ್ಬರೂ ತಮ್ಮ ತಮ್ಮ ಹೆಂಡಿರಿಗೆ ಹೇಳಿದರು. ಒಬ್ಬರಿಗೊಬ್ಬರು ಮಾತ್ರ ಏನೂ ಹೇಳಲಿಲ್ಲ.

ಆರನೆಯ ವಾರ ನಂಬರ್ ಇಳಿಯಿತು. ಸೋಮವಾರ ಎರಡು ಎರಡು, ಬುಧವಾರ ಎರಡು ಒಂದು, ಗುರುವಾರ ಒಂದು ಒಂದು.

“ಬನಹಟ್ಟಿಯವರ ನಂಬರ್ ಕಡಿಮಿ ಬರಾಕತ್ತಾವು,” ಎಂದಳು ಹೊಳೆವ್ವ, ತಡೆಯಲಾರದೆ.

ನಂಬರಿನಲ್ಲಿ ಕಡಿಮೆ ಹೆಚ್ಚು ಎಂಬುದಿಲ್ಲ, ಎಲ್ಲ ನಂಬರೂ ಸಮ ಎಂದು ಶ್ರೀಧರರಾವ್ ಕಂಟ್ರೋಲ್‌ನಿಂದ ತಿದ್ದಿದರು. ಬನಹಟ್ಟಿ, “ಹವಾ ಸರಿಯಿಲ್ಲ,” ಎಂದಷ್ಟೇ ಹೇಳಿ ಕೆಮ್ಮಿತು.

ಶನಿವಾರ ಬಂದದ್ದು ‘ಒಂದು ಸೊನ್ನಿ’. ಅಂದು ಸಂಜೆ ಗುರುಪಾದ ತಾಟಿನ ಮುಂದೆ ಕೂತಾಗ ಹೊಳೆವ್ವ ಬಡಿಸಲಿಲ್ಲ, ರೊಟ್ಟಿಯ ಬುಟ್ಟಿಯನ್ನು ತನ್ನ ಹಿಂದಿಟ್ಟುಕೊಂಡು ಕೂತಳು.

“ಸೋಮವಾರ ನನ್ನ ಬಸ್ಸಿಗಿ ಕುಂದರಸು.”

“ಯಾಕ ಬೇ, ಇಲ್ಲೇನ ಕಡಿಮಿ ಆಗೇತಿ?”

“ನಿಮ್ಮಪ್ಪ ಉಣ್ಣವಲ್ಲ.”

“ಯಾರ ಹೇಳಿದ್ರು? ಅಕಿ ಹೇಳಿದ್ಲಾ, ದೊಡ್ಡಾಕಿ?”

“ಯಾರೂ ಹೇಳಿಲ್ಲ. ನನಗ ಗೊತ್ತೈತಿ.”

ಗುರುಪಾದ ಪಾಲಿನ ಮಾತು ಎತ್ತಿದ, ಹಿರಿಯರ ಮಾತು ಎತ್ತಿದ, ತಾನು ಹೊಸ್ತಿಲಾಚೆ ನಿಂತು ಅಣ್ಣನ ಮುಂದೆ ಸಣ್ಣವನಾಗಬೇಕೇನು ಎಂದ. ಹೊಳೆವ್ವ ಬುಟ್ಟಿ ಮುಂದೆ ತರಲಿಲ್ಲ. ಕೊನೆಗೆ ಅವನು ತಾಟು ಸರಿಸಿ, ಸೋಮವಾರ ಮುಂಜಾನೆ ಒಂಬತ್ತರ ಬಸ್ಸಿಗೆ ಹತ್ತಿಸುತ್ತೇನೆ, ಆದರೆ ನಾನು ಬರುವುದಿಲ್ಲ ಎಂದ. ಆಗ ಬುಟ್ಟಿ ಮುಂದೆ ಬಂತು. ಆ ರಾತ್ರಿಯೇ ಅವಳು ಕೈಚೀಲದಲ್ಲಿ ಶೇಂಗಾ ಚಟ್ನಿ ತುಂಬಿದಳು. ರವಿವಾರ ಮುಂಜಾನೆ ಹದಿನೆಂಟು ರೊಟ್ಟಿ ಬಡಿದು, ಖಡಕ್ ಮಾಡಿ, ಬಟ್ಟೆಯಲ್ಲಿ ಕಟ್ಟಿಟ್ಟಳು.

ರವಿವಾರ ನಾಲ್ಕಕ್ಕೆ ಬನಹಟ್ಟಿಯಿಂದ ಬಂದದ್ದು ಉಮಾಶ್ರೀಯ ದನಿ. ಮಾವನವರ ಗಂಟಲು ಬಿದ್ದಿದೆ, ಅವರ ಬದಲು ನಾನು ಹೇಳುತ್ತಿದ್ದೇನೆ ಎಂದಳು.

“ಲೈನ್ ಕ್ಲಿಯರ್ ಕೊಟ್ಟೀವ್ರಿ ಅತ್ತಿ. ನಂಬರ್ ಮೂರು ಎರಡು.”

ಹೊಳೆವ್ವ ಅದನ್ನು ಎರಡು ಸಲ ತಿರುಗಿ ಹೇಳಿಸಿದಳು. ರಾತ್ರಿ ಮೂರು, ಮಧ್ಯಾಹ್ನ ಎರಡು. ಬೆಟ್ಟದಂಥ ಭಾರವೊಂದು ಎದೆಯಿಂದಿಳಿದು ಸೀದಾ ಘಟಪ್ರಭೆಗೆ ಉರುಳಿ ಹೋಯಿತು. “ಭಾಳ ಛಲೋ ನಂಬರ್. ಬನಹಟ್ಟಿಯವರಿಗಿ ಹೇಳು, ಭಾಳ ಛಲೋ ಆತು ಅಂತ,” ಎಂದು ಸಿಗ್ನಲ್ ಇಳಿಸಿದಳು.

ಸಂಜೆ ಒಲೆಯ ಮುಂದೆ ಕೂತಾಗ ಆ ಸಂತೋಷಕ್ಕೆ ಸಣ್ಣಗೆ ಹುಳಿ ಹಿಡಿಯಿತು. ತಾನಿಲ್ಲದೆಯೂ ಮೂರು ತಿನ್ನುತ್ತಾನೆ, ಹಾಗಾದರೆ ತಾನು ಯಾಕೆ ಮೊಣಕಾಲು ಹಿಡಿದುಕೊಂಡು ಬಸ್ಸು ಹತ್ತಬೇಕು? ಮಗನನ್ನು ಯಾಕೆ ಸಣ್ಣವನನ್ನಾಗಿ ಮಾಡಬೇಕು? ಕೈಚೀಲ ಬಿಚ್ಚಿ ರೊಟ್ಟಿಗಳನ್ನು ತಿರುಗಿ ಬುಟ್ಟಿಗಿಟ್ಟಳು. ನಾಳೆ ಬಸ್ಸು ಬೇಡ ಎಂದಾಗ ಗುರುಪಾದ ಹಗುರಾಗಿ ನಕ್ಕು, “ಮುದುಕ ಆಟ ಹೂಡಿದ್ದ ನೋಡ ಬೇ,” ಎಂದ. ಅವಳೂ ನಕ್ಕಳು.

ಸೋಮವಾರವೂ ಉಮಾಶ್ರೀಯೇ. ನಂಬರ್ ‘ನಾಲ್ಕು ಮೂರು’. ಹೊಳೆವ್ವನ ಮುಖ ಕೆಂಪಾಯಿತು. ಅವಳ ಕೈಯ ರೊಟ್ಟಿಯನ್ನು ಅವನು ರಾತ್ರಿ ಊಟಕ್ಕೆ ನಾಲ್ಕು ತಿಂದದ್ದು ನಲವತ್ತನಾಲ್ಕು ವರ್ಷದಲ್ಲಿ ಒಂದೇ ಸಲ, ಮದುವೆಯಾದ ಹೊಸದರಲ್ಲಿ, ಅದೂ ಅವಳ ತವರಿನವರ ಮುಂದೆ ಜಂಬ ತೋರಿಸಲು. ಈಗ ಸೊಸೆಯ ಕೈಯದನ್ನು ನಾಲ್ಕು ತಿನ್ನುತ್ತಾನೆ. ಆ ಸೊಸೆಯ ರೊಟ್ಟಿಯೋ, ಗೋಡೆಗೆ ಒಗೆದರೆ ಗೋಡೆ ಬೀಳುವಂಥದು. ಭಾಗ್ಯಾ ಕೇಳಿದ್ದಕ್ಕೆಲ್ಲ ಅವಳು ಸಿಡಿಸಿಡಿ ಎಂದಳು. ಅಂದು ತಾನು ಉಂಡದ್ದು ಒಂದೇ. ಅವನು ಕೇಳಿದರೆ ಕೇಳಲಿ, ಹೇಳುವುದಿಲ್ಲ ಎಂದುಕೊಂಡಳು.

ಮಂಗಳವಾರ ಉಮಾಶ್ರೀ ಸಣ್ಣ ದನಿಯಲ್ಲಿ, “ನಂಬರ್ ಏಳು ಎಂಟು,” ಎಂದಳು.

ಹೊಳೆವ್ವನ ಕೈ ಸಿಗ್ನಲ್ಲಿನ ಗುಂಡಿಯ ಮೇಲೆಯೇ ನಿಂತಿತು. ಪ್ರಾಜಕ್ತಾಳ ಗಾಡಿ ಮುಧೋಳದ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿತ್ತು, ಅದರ ಹಿಂದೆ ಇನ್ನೆರಡು.

“ಈ ನಂಬರ್ ಯಾರು ಕೊಟ್ರು?”

“ಮಾವಾರು ರೀ ಅತ್ತಿ.”

“ಏಳು ರೊಟ್ಟಿ ತಿನ್ನೂ ಗಂಡಸನ್ನ ನಾ ಕಟಗೊಂಡಿಲ್ಲ. ಎಲ್ಲಿ ಅದಾರ ಅವರು?”

ಏಳು ರೊಟ್ಟಿ ಎಂದರೇನೆಂದು ಲೈನಿನ ಮೇಲಿದ್ದ ಯಾರಿಗೂ ಅರ್ಥವಾಗಲಿಲ್ಲ. ಮನೆ ಮಾತು ಕೂಡದು ಎನ್ನಬೇಕಾದ ಶ್ರೀಧರರಾವ್ ತಡೆಯಲಿಲ್ಲ. ಆಮೇಲೆ ಉಮಾಶ್ರೀ ಅಳುವ ಸದ್ದು ಬಂತು. ಶನಿವಾರ ಸಂಜೆ ಮಾವ ಕುಸಿದು ಬಿದ್ದಿದ್ದರು, ಜಮಖಂಡಿಯ ದವಾಖಾನೆಯಲ್ಲಿದ್ದಾರೆ, ಎದೆಯಲ್ಲಿ ನೀರು ತುಂಬಿದೆ. ಎರಡು ದಿನದಲ್ಲಿ ಮನೆಗೆ ಬರುತ್ತಾರೆ, ಆ ಮನೆಗೆ ಹೇಳುವುದು ಬೇಡ ಎಂದು ಯಲ್ಲಾಲಿಂಗ ಆಣೆ ಹಾಕಿದ್ದ. ಅತ್ತೆ ಗಾಬರಿಯಾಗಬಾರದೆಂದು ಅವಳು ದಿನಾ ಮಧ್ಯಾಹ್ನ ದವಾಖಾನೆಯಿಂದ ಬಸ್ಸು ಹಿಡಿದು ಬನಹಟ್ಟಿಗೆ ಬಂದು, ನಾಲ್ಕಕ್ಕೆ ಕಂಪ್ಯೂಟರಿನ ಮುಂದೆ ಕೂತು, ಪಟ್ಟಿ ನೋಡಿ ನಂಬರ್ ಹೇಳಿ, ತಿರುಗಿ ಹೋಗುತ್ತಿದ್ದಳು.

ಚಹಾಕ್ಕೆಂದು ಬಂದಿದ್ದ ಗುರುಪಾದ ಅಡುಗೆಮನೆಯ ಹೊರಗೆ ಇದೆಲ್ಲವನ್ನೂ ಕೇಳಿದ. ಬಸಿ ಕೆಳಗಿಟ್ಟು ಬೈಕು ಚಾಲೂ ಮಾಡಿದ. ಹೊಳೆವ್ವ ಬುಟ್ಟಿಯಿಂದ ಎರಡು ಖಡಕ್ ರೊಟ್ಟಿ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡು, ಮಗನ ಬೆನ್ನು ಹಿಡಿದು ಕೂತಳು.

ದವಾಖಾನೆಯ ಮೆಟ್ಟಿಲ ಮೇಲೆ ಯಲ್ಲಾಲಿಂಗ ಕೂತಿದ್ದ. ತಮ್ಮನನ್ನು ನೋಡಿ ಎದ್ದು ನಿಂತ.

“ಬಂದ್ಯಾ?”

“ಹೂಂ.”

ಅಷ್ಟೇ. ಒಳಗೆ ಗಿರಮಲ್ಲಪ್ಪ ಕಣ್ಣು ಮುಚ್ಚಿ ಮಲಗಿದ್ದ. ಮೂಗಿಗೆ ನಳಿಗೆ, ಕೈಗೆ ಸಲಾಯಿನ್. ಅಂದು ಮುಂಜಾನೆಯಿಂದ ಎಚ್ಚರವಿರಲಿಲ್ಲ. ಹೊಳೆವ್ವ ಅವನ ಕಿವಿಯ ಹತ್ತಿರ ಬಾಗಿ ‘ಬನಹಟ್ಟಿಯವರಽ’ ಎಂದು ಕರೆದಳು. ಎರಡು ಸಲ ಕರೆದಳು. ಸೆರಗಿನಲ್ಲಿದ್ದ ರೊಟ್ಟಿ ಮಂಚದ ಪಟ್ಟಿಗೆ ತಾಗಿ ಮುರಿಯಿತು.

ಹೊರಗೆ ಬಂದಾಗ ಉಮಾಶ್ರೀ ಬನಹಟ್ಟಿಯಿಂದ ತಲುಪಿದ್ದಳು. ಗೋಡೆಗೆ ಆನಿಕೊಂಡು ಕೂತಿದ್ದಳು. ಹೊಳೆವ್ವ ಅವಳ ಪಕ್ಕದಲ್ಲಿ ಕೂತಳು, ಬೈಯಲಿಲ್ಲ. ಆ ನಂಬರುಗಳು ಏನಾಗಿದ್ದವು ಎಂದು ಹೇಳಿದಳು. ಮೊದಲ ಅಂಕಿ ರಾತ್ರಿಯದು, ಎರಡನೆಯದು ಮಧ್ಯಾಹ್ನದ್ದು. ಉಮಾಶ್ರೀ ಕೇಳುತ್ತ ಕೇಳುತ್ತ ಬಾಯಿಗೆ ಸೆರಗು ಒತ್ತಿಕೊಂಡಳು.

“ಅತ್ತಿ, ರವಿವಾರ ಮಾವಾರು ಮಾತಾಡ್ತಿದ್ರು. ನಾ ಹೊಂಡೂ ಮುಂದ ಕೈ ಹಿಡದು ನಂಬರ್ ಕೊಟ್ರು.”

“ಏನ ನಂಬರ್?”

“ಸೊನ್ನಿ ಸೊನ್ನಿ. ಮುಧೋಳಕ್ಕ ಇದನ್ನ ಹೇಳು, ಮರೀಬ್ಯಾಡ ಅಂದ್ರು. ಅಂಥಾ ನಂಬರ್ ಪಟ್ಟಿಯೊಳಗ ಇಲ್ರಿ. ರಾಯರು ಸಿಟ್ಟಾಗ್ತಾರ ಅಂತ ನಾ ಪಟ್ಟಿ ನೋಡಿ ಮೂರು ಎರಡು ಅಂದೆ.”

ಹೊಳೆವ್ವ ಸೆರಗಿನ ಗಂಟು ಬಿಚ್ಚಿ, ಮುರಿದ ರೊಟ್ಟಿಯನ್ನು ಮಡಿಲಿಗೆ ಹಾಕಿಕೊಂಡಳು.

“ಆಮ್ಯಾಲೆ?”

“ಸೋಮವಾರ ಮುಂಜಾನಿ ಕೇಳಿದ್ರು, ಮುಧೋಳ ಏನಂತು ಅಂತ.” ಉಮಾಶ್ರೀ ಸೆರಗಿನಿಂದ ಮುಖ ಒರೆಸಿಕೊಂಡಳು. “ಭಾಳ ಛಲೋ ಆತು ಅಂದ್ರು ಅಂತ ಹೇಳಿದೆ. ಅವರು ಗ್ವಾಡಿ ಕಡಿ ಮಾರಿ ಮಾಡಿ ಮಲಕೊಂಡ್ರು. ಮತ್ತ ನಂಬರ್ ಕೊಡಲಿಲ್ರಿ.”

ಬುಧವಾರ ಬೆಳಗ್ಗೆ ಏಳಕ್ಕೆ ಗಿರಮಲ್ಲಪ್ಪ ಹೋದ. ಗೋಡೆಯ ಕಡೆಗಿದ್ದ ಮುಖವನ್ನು ಹೊಳೆವ್ವ ಎರಡೂ ಕೈಯಿಂದ ತನ್ನ ಕಡೆಗೆ ತಿರುಗಿಸಿಕೊಂಡಳು. ಕಣ್ಣು ತೆರೆಯಲಿಲ್ಲ.

ಸೂತಕದ ದಿನಗಳು ಮುಗಿದ ಮೇಲೆ ಅಮಸಿದ್ದಪ್ಪ ಮತ್ತೆ ಚಿಮ್ಮಡದಿಂದ ಬಂದು ಅದೇ ಪಡಸಾಲೆಯಲ್ಲಿ ಕಂಬಳಿ ಹಾಸಿದ. ಅಣ್ಣತಮ್ಮಂದಿರು ಎಂಟು ತಿಂಗಳ ಮೇಲೆ ಎದುರುಬದುರು ಕೂತು ಮಾತಾಡಿದರು. ಮಾತಾಡಿದ್ದು ಅವ್ವನ ಪಾಲಿನ ಬಗ್ಗೆ. ದೊಡ್ಡವನ ಪಾಲು ಬರಿದಾಗಿದೆ, ಹಾಗಾಗಿ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಎಂದು ತೀರ್ಮಾನವಾಯಿತು. ಕೂಸು ಸಣ್ಣದು, ಮೊದಲ ಆರು ತಿಂಗಳು ಮುಧೋಳ. ಈ ಸಲ ಅಮಸಿದ್ದಪ್ಪ ಬಾಗಿಲ ಕಡೆ ತಿರುಗಿ, ನಿನ್ನ ಮಾತೇನವ್ವ ಎಂದು ಕೇಳಿದ. ಎಣಿಸುವವರೇ ಇಲ್ಲದ ಮೇಲೆ ಎಲ್ಲಿದ್ದರೇನು ಎಂದಳು ಹೊಳೆವ್ವ. ಅದು ಯಾವ ಎಣಿಕೆಯೆಂದು ಕಂಬಳಿಯ ಮೇಲಿದ್ದ ಗಂಡಸರಿಗೆ ತಿಳಿಯಲಿಲ್ಲ.

ಬನಹಟ್ಟಿ ಸ್ಟೇಷನ್ ಮುಚ್ಚಿಬಿಡೋಣ, ಮುಧೋಳದಿಂದ ಸೀದಾ ಜಮಖಂಡಿಗೆ ಲೈನ್ ಕೊಡೋಣ ಎಂದು ಶ್ರೀಧರರಾವ್ ಗುಂಪಿನಲ್ಲಿ ಹೇಳಿದರು. ಬೇಡ, ನಾನು ಕೂರುತ್ತೇನೆ ಎಂದು ಉಮಾಶ್ರೀ ಬರೆದಳು. ಆ ರವಿವಾರ ನಾಲ್ಕಕ್ಕೆ ಸರಿಯಾಗಿ ಬೇಳೆ ಡಬ್ಬಿಗೆ ಮೊಬೈಲು ಆನಿಸಿಟ್ಟು ಹೊಳೆವ್ವ ಕೂತಳು. ಬೀಳಗಿಯ ಗಾಡಿ ಬಂದು ನಿಂತಿತು.

“ಬನಹಟ್ಟಿ, ಲೈನ್ ಕ್ಲಿಯರ್ ಐತೇನು?”

‘ಬನಹಟ್ಟಿಯವರಽ’ ಎನ್ನುವುದು ಬಾಯಿಗೆ ಬಂದಿತ್ತು, ನುಂಗಿಕೊಂಡಳು.

“ಕೊಟ್ಟೆ ರೀ ಅತ್ತಿ.” ಆ ಕಡೆ ಮಗ್ಗ ನಿಂತಿತ್ತು, ಉಮಾಶ್ರೀ ಉಸಿರೆಳೆದುಕೊಳ್ಳುವುದು ಕೂಡ ಕೇಳಿಸಿತು. “ನಂಬರ್ ಸೊನ್ನಿ ಸೊನ್ನಿ. ಇದು ಮಾವಾರ ನಂಬರ್ ರೀ. ಅವತ್ತು ಕೊಟ್ಟಿದ್ದು. ಇವತ್ತ ಮುಟ್ಟಸಾಕತ್ತೀನಿ.”

ಕೊಟ್ಟ ನಂಬರನ್ನು ತಿರುಗಿ ಹೇಳಬೇಕೆಂಬುದು ನಿಯಮ. ಹೊಳೆವ್ವ ಸೆರಗು ಸರಿಮಾಡಿಕೊಂಡಳು.

“ಸೊನ್ನಿ ಸೊನ್ನಿ. ಮುಟ್ಟಿತು.”

ಸೀಸಕಡ್ಡಿಯಿಂದ ವಹಿಯಲ್ಲಿ ಎರಡು ಸೊನ್ನೆ ಬರೆದಳು. ಆಮೇಲೆ ಕೇಳಿದಳು, “ನಿಂದೆಷ್ಟು?”

“ನಂದೂ ಅಷ್ಟ ರೀ.”

ಸಿಗ್ನಲ್ ಇಳಿಯಲಿಲ್ಲ. ಪ್ರಾಜಕ್ತಾ ಒಮ್ಮೆ ಶಿಳ್ಳೆ ಹಾಕಿದಳು. ಅಡುಗೆಮನೆಯ ಬಾಗಿಲಲ್ಲಿ ಬಸಿ ಹಿಡಿದು ನಿಂತಿದ್ದ ಗುರುಪಾದ, “ಯವ್ವಾ, ನಂಬರ್ ಬಂತಲ್ಲ, ಗಾಡಿ ಬಿಡ ಬೇ,” ಎಂದ.

“ಬನಹಟ್ಟಿ ಉಂಡಿಲ್ಲ,” ಎಂದಳು ಹೊಳೆವ್ವ. “ಹೆಂಗ ಬಿಡ್ಲಿ?”

ಕಂಟ್ರೋಲ್‌ನಲ್ಲಿ ಶ್ರೀಧರರಾವ್ ತಮ್ಮ ದೊಡ್ಡ ವಹಿ ತೆರೆದರು. ಮುಧೋಳ, ನಾಲ್ಕು ಗಂಟೆ ಹನ್ನೊಂದು ನಿಮಿಷ, ಗಾಡಿ ನಿಂತಿದೆ ಎಂದು ಬರೆದರು. ಮುಂದಿನ ಅಂಕಣ ಕಾರಣದ್ದು. ಮೂವತ್ತಾರು ವರ್ಷದಲ್ಲಿ ಒಂದು ದಿನವೂ ಅವರು ಅದನ್ನು ಖಾಲಿ ಬಿಟ್ಟವರಲ್ಲ. ಅಂದು ಅದನ್ನು ಹಾಗೇ ಬಿಟ್ಟು ವಹಿ ಮುಚ್ಚಿದರು.